ಚಪ್ಪಡಿಯ ಮೇಲೆ ನಿಂತ ಪಿಕಪ್

ನನ್ನ ಡೀಸೆಲ್ ಪಿಕಪ್‌ನ ಆಟೋಮ್ಯಾಟಿಕ್ ಗೇರ್ ಬಾಕ್ಸ್ ಲೋಡ್ ಹಾಕಿದರೆ ಜಾರುತ್ತಿತ್ತು. ಶಿವಾಜಿನಗರದ ಗಲ್ಲಿಯೊಂದರ ಮೆಕ್ಯಾನಿಕ್ ಅದನ್ನು ಬಿಚ್ಚಿ, ಗಟ್ಟಿ ಕ್ಲಚ್ ಪ್ಲೇಟುಗಳನ್ನು ಹಾಕಿ, ದೊಡ್ಡ ಆಯಿಲ್ ಕೂಲರ್ ಕೂರಿಸಿಕೊಟ್ಟರು. ಇನ್ನು ಚಿಂತೆಯಿಲ್ಲ ಎಂದುಕೊಂಡರೆ, ಕೆ.ಆರ್. ಪುರದ ಸೇತುವೆ ಹತ್ತುವಾಗಲೇ ಎಂಜಿನ್ ಕಿರುಚಿತು. ಗಾಡಿ ಮಾತ್ರ ಏರಲಿಲ್ಲ. ಹಿಂದಿನವರ ಹಾರನ್ ಕೇಳಿ ನನಗೆ ಮೈಯೆಲ್ಲ ಉರಿಯಿತು.

ಮೂರು ಸಲ ವಾಪಸ್ ಹೋದೆ. ಮೂರು ಸಲವೂ ಅವರು ಗೇರ್ ಬಾಕ್ಸಿನ ಅಳತೆ ಕಡ್ಡಿ ಎಳೆದು ನೋಡಿ, "ಆಯಿಲ್ ಸರಿಯಾಗೇ ಇದೆ ಸಾರ್" ಎಂದರು.

"ಹಾಗಾದ್ರೆ ನಿಮ್ ಕೆಲ್ಸಾನೇ ಸರಿ ಇಲ್ಲ ಭಾಯ್" ಎಂದು ಗಲ್ಲಿಗೆಲ್ಲ ಕೇಳುವಂತೆ ಕೂಗಾಡಿದೆ.

ಕೊನೆಗೆ ಅವರನ್ನೇ ರಾಮಮೂರ್ತಿ ನಗರದ ನನ್ನ ಮನೆಗೆ ಕರೆಸಿದೆ. ಮನೆ ಮುಂದಿನ ಸಮತಟ್ಟು ರಸ್ತೆಯಲ್ಲಿ ಎಂಜಿನ್ ಓಡಿಸಿ ಕಡ್ಡಿ ಎಳೆದವರು ಅದನ್ನು ನನ್ನ ಮುಂದೆ ಹಿಡಿದರು. ಆಯಿಲ್ ಅದರ ತುದಿಗಷ್ಟೇ ಅಂಟಿತ್ತು.

"ನಮ್ ಗಲ್ಲೀಲಿ ಗಾಡಿ ವಾರೆಯಾಗಿ ನಿಂತಿರ್ತಿತ್ತಲ್ಲ ಸಾರ್, ಆಯಿಲ್ ಒಂದ್ ಕಡೆ ಸರಿದು ಜಾಸ್ತಿ ತೋರಿಸ್ಬಿಟ್ಟಿದೆ. ಅದನ್ನ ನಂಬಿ ಕಮ್ಮಿ ಆಯಿಲ್ ಹಾಕ್ಬಿಟ್ಟಿದೀನಿ. ಮೊದಲ್ನೇ ದಿನ ನಾನು ಗಾಡೀನ ಚಪ್ಪಡಿಯಿಂದ ಕೆಳಗಿಳಿಸಿದ್ದೆ. ನೀವೇ ಬೈದು ಮತ್ತೆ ಹತ್ತಿಸಿದ್ರಿ."

ನಿಜ. ಇಕ್ಕಟ್ಟಿನ ಗಲ್ಲಿಯಲ್ಲಿ ಆಟೋಗಳು ಉಜ್ಜಿಕೊಂಡು ಹೋಗುತ್ತವೆಂದು ಪ್ರತಿ ಸಲವೂ ಎಡಗಡೆಯ ಚಕ್ರಗಳನ್ನು ಚರಂಡಿ ಚಪ್ಪಡಿಯ ಮೇಲೆ ಹತ್ತಿಸಿದವನು ನಾನೇ. ಆಯಿಲ್ ಸಾಲದೆ ಜಾರಿ ಜಾರಿ ಹೊಸ ಪ್ಲೇಟುಗಳೆಲ್ಲ ಸುಟ್ಟುಹೋಗಿವೆ. ಗಾಡಿಯ ಬಣ್ಣಕ್ಕೆ ಮಾತ್ರ ಇವತ್ತಿಗೂ ಒಂದು ಗೀರೂ ಬಿದ್ದಿಲ್ಲ.