ಕಾರಿನಡಿಯ ಮೇಸ್ತ್ರಿಗೊಂದು ಹಾರ

ಗೆಳೆಯರೇ, ಇಂದು ಬಂಗಾರಪೇಟೆಯ ಹಳೆಯ ಕಾರುಗಳ ಪ್ರದರ್ಶನದಲ್ಲಿ ಅನ್ಯಾಯ ನಡೆಯಿತು. ಹಾರಗಳೆಲ್ಲ ಮಾಲೀಕರ ಕೊರಳಿಗೆ ಬಿದ್ದವು. ಆ ಕಾರುಗಳಿಗೆ ಜೀವ ಕೊಟ್ಟ, ನಮಗೆಲ್ಲ ಕೆಲಸ ಕಲಿಸಿದ ಆಂಡರ್ಸನ್‌ಪೇಟೆಯ ಮುನಿಸ್ವಾಮಿ ಮೇಸ್ತ್ರಿ ಮಾತ್ರ, ಚಿನ್ನದ ಗಣಿಯ ಬ್ರಿಟಿಷ್ ದೊರೆಗಳು ಬಿಟ್ಟುಹೋದ ಕಾರೊಂದು ಕೆಟ್ಟು ನಿಂತಿದ್ದರಿಂದ ಅದರಡಿ ಮಲಗಿದ್ದರು.

ನಾನು ಹಾರವೊಂದನ್ನು ಕಿತ್ತುಕೊಂಡು, ಹೊರಗೆ ಕಾಣುತ್ತಿದ್ದ ಅವರ ಪಾದಗಳೆದುರು ನಿಂತು, ಬ್ರಿಟಿಷರ ಶೋಷಣೆಯಿಂದಲೇ ಭಾಷಣ ಶುರುಮಾಡಿದೆ.

"ಭಾಷಣ ಆಮ್ಯಾಕೆ ಮಾಡ್ಲಾ, ಮೊದ್ಲು ಸ್ಪಾನರ್ ಕೊಡು!"

ಕೊಟ್ಟೆ.

"ಇದು ಮಿಲಿಮೀಟರ್ದು ಕಣ್ಲಾ! ಇಂಗ್ಲಿಷ್ ಗಾಡಿಗೆ ಇಂಚಿಂದು ಬೇಕು. ಆರು ವರ್ಸ ಏನ್ ಕಲ್ತೆ ನೀನು?"

ಮಾಲೀಕರೆಲ್ಲ ನಕ್ಕರು. ಕಾರು ಶುರುವಾಯಿತು. ಹೊರಬಂದ ಮೇಸ್ತ್ರಿ ನನ್ನ ಕೈಯಲ್ಲಿದ್ದ ಹಾರವನ್ನು ಕಾರಿಗೇ ಹಾಕಿದರು.

ಈ ಸಲ ಶಿಷ್ಯರಾದ ನಾವೇ, ಕಾರಿನಡಿ ಮಲಗಲು ಬಿಡದೆ, ಅವರನ್ನು ಎದುರಿಗೆ ನಿಲ್ಲಿಸಿಯೇ ಸನ್ಮಾನ ಮಾಡೋಣ. ದಯವಿಟ್ಟು ಯಾರೂ ಕೆಟ್ಟ ಕಾರು ತರಬೇಡಿ. ಬರುವ ಭಾನುವಾರ ಬೆಳಿಗ್ಗೆ ಹತ್ತಕ್ಕೆ, ಅವರ ಶೆಡ್ಡಿನಲ್ಲಿ.