ನೆರಳು ಹುಡುಕುವ ಹುಡುಗಿಯ ಕೊನೆಯ ಕಂತು

ಡಿಗ್ರಿಯ ಕೊನೆಯ ವರ್ಷದಲ್ಲಿ ನಾನು ಟಿವಿಯ ಒಂದು ಜಪಾನಿ ಕಾರ್ಟೂನಿಗೆ ಮರುಳಾಗಿದ್ದೆ. ಕಳೆದುಹೋದ ತನ್ನ ನೆರಳನ್ನು ಹುಡುಕುತ್ತ ಹುಡುಗಿಯೊಬ್ಬಳು ಬೆಟ್ಟಗಳೇ ನಡೆದಾಡುವ ನಾಡಿಗೆ ಹೋಗುವ ಕಥೆ ಅದು. ಕೊನೆಯ ಕಂತಿನ ಸಂಜೆ, ಬಂಗೂರನಗರದ ನಮ್ಮ ಕ್ವಾರ್ಟರ್ಸಿನಲ್ಲಿ ರಿಮೋಟು ಅಜ್ಜಿಯ ಕೈಯಲ್ಲಿತ್ತು. ಅದೇ ಹೊತ್ತಿಗೆ ಅವಳ ಧಾರಾವಾಹಿಯೂ ಇತ್ತು.

“ನಿನ್ನ ಕಾರ್ಟೂನಿನ್ಯಾಗ ಆ ಹುಡುಗಿ ಜೋಡಿ ಇರೋ ಹುಡುಗ ಸೋಮವಾರದಿಂದ ಬಾಣಾ ಹಿಡಕೊಂಡ ನಿಂತಾನ, ಇನ್ನೂ ಬಿಟ್ಟಿಲ್ಲ,” ಎಂದಳು ಅಜ್ಜಿ.

ಅವಳ ಮಾತು ನಿಜ. ಕಾಳಗ ಶುರುವಾದರೆ ಸಾಕು, ಕಥೆ ನಿಂತುಬಿಡುತ್ತಿತ್ತು. ಹಳೆಯ ದೃಶ್ಯಗಳನ್ನೇ ಮತ್ತೆ ಮತ್ತೆ ತೋರಿಸುತ್ತಿದ್ದರು.

“ಅದು ಖರೇನ ಅಜ್ಜಿ,” ಎಂದು ಒಪ್ಪಿಕೊಂಡೆ. “ಆದ್ರ ತನ್ನ ಮ್ಯಾಲಿನ ಗೂಡಿನ್ಯಾಗ ಮಲಗಿದ ಹಕ್ಕಿಗೆ ಎಚ್ಚರಾಗಬಾರದಂತ ಆ ಬೆಟ್ಟಾ ಎಷ್ಟ ಮೆಲ್ಲಕ ಹೆಜ್ಜಿ ಇಡತೈತಿ, ನೋಡಿಯೇನು? ಆ ಹುಡುಗಿಗೆ ನೆರಳು ಸಿಗತೈತೋ ಇಲ್ಲೋ ಇವತ್ತ ಗೊತ್ತಾಗತೈತಿ. ನಾಳೆ ತೋರಸೂದಿಲ್ಲ.”

ಮನೆಯಲ್ಲಿ ನಾನು ಒಂದೇ ಉಸಿರಿಗೆ ಅಷ್ಟು ಮಾತಾಡಿದ್ದು ಅದೇ ಮೊದಲು. ಅಜ್ಜಿ ನನ್ನ ಮುಖ ನೋಡಿ ರಿಮೋಟು ಕೊಟ್ಟಳು.

ನೆರಳು ಓಡಿಬಂದು ಹುಡುಗಿಯ ಪಾದಕ್ಕೆ ಅಂಟಿಕೊಂಡಾಗ ನಾನು ಚೀರಿಬಿಟ್ಟೆ. ಅವ್ವ ಗಾಬರಿಯಿಂದ ಸೌಟು ಹಿಡಿದೇ ಅಡುಗೆಮನೆಯಿಂದ ಬಂದಳು.

“ಏನಾತ?”

“ಸಿಕ್ಕತ ಬಿಡ, ಆಕಿ ನೆರಳ ಆಕಿಗೆ ಸಿಕ್ಕತು,” ಎಂದಳು ಅಜ್ಜಿ, ಟಿವಿಯಿಂದ ಕಣ್ಣು ತೆಗೆಯದೆ.