ಪಾಕೀಟಿನ ಮೇಲಿನ ತಪ್ಪು ಹೆಸರು

ಇದನ್ನು ಹೇಳಬೇಕು, ಹೇಳಬೇಕು ಅಂದುಕೊಂಡೇ ಮುಂದೂಡುತ್ತ ಬಂದಿದ್ದೇನೆ. ಪ್ರತಿವಾರ ಈ ಅಂಕಣ ಬರೆಯಲು ಕೂತಾಗ ಮೊದಲು ನೆನಪಾಗುವುದು ಇದೇ. ಕೂಡಲೇ ಹೆದರಿ ಮೊಮ್ಮಕ್ಕಳ ಮೊಬೈಲಿಗೋ ನಿಪ್ಪಾಣಿ ರಸ್ತೆಯ ತಗ್ಗಿಗೋ ಜಿಗಿಯುತ್ತೇನೆ. ಆ ತಗ್ಗಿನ ಬಗ್ಗೆ ಎಷ್ಟು ಸಲ ಬರೆದೆನೋ ಲೆಕ್ಕವಿಲ್ಲ. (ತಗ್ಗು ಇನ್ನೂ ಇದೆ.)

ಆದರೆ ಹೋದ ಭಾನುವಾರ ಸಿಕ್ಕಿಬಿದ್ದೆ.

ಹೊಸದಾಗಿ ಬಿಸಿನೆಸ್ ಶುರು ಮಾಡುವವರಿಗೆಂದು ಚಿಕ್ಕೋಡಿಯಲ್ಲಿ ಒಂದು ಶಿಬಿರ. ನಾನು ಮುಖ್ಯ ಅತಿಥಿ. ಹೈಸ್ಕೂಲಿಗೇ ಓದು ಮುಗಿಸಿದವನು ಎಂಬಿಎ ಮಾಡಿದವರಿಗೆ ಪಾಠ ಹೇಳುವುದೆಂದರೆ ಸಣ್ಣ ಖುಷಿಯೇ? ಶಾಲು ಹೊದಿಸಿದಾಗಲೇ ನೆಲ ಬಿಟ್ಟು ನಾಲ್ಕು ಬೆರಳು ಮೇಲೆದ್ದಿದ್ದೆ. ಮುಂದಿನ ಸಾಲಿನಲ್ಲಿ ನಮ್ಮ ವೈನಿ, ಅಂದರೆ ನನ್ನ ಅಣ್ಣನ ಹೆಂಡತಿ, ಇಸ್ತ್ರಿ ಸೀರೆ ಉಟ್ಟು ಕೂತಿದ್ದರು. ನಾನು ಎಲ್ಲಿ ಭಾಷಣ ಮಾಡಿದರೂ ಮೊದಲ ಚಪ್ಪಾಳೆ ಅವರದೇ.

ನನಗಿಂತ ಮೊದಲು ಮಾತಾಡಿದವರು ಕಾಗವಾಡದ ಒಣದ್ರಾಕ್ಷಿ ವ್ಯಾಪಾರಿ. "ಹೊಗಳೋ ಗಿರಾಕಿಗೆ ಚಾ ಕುಡಸ್ರಿ, ಬಯ್ಯೋ ಗಿರಾಕಿಗೆ ಊಟಾ ಹಾಕ್ರಿ" ಎಂದು ಹೇಳಿ ಕೂತುಬಿಟ್ಟರು. ಎಷ್ಟು ಚೆಂದದ ಮಾತು! ಹೊಟ್ಟೆ ಉರಿಯಿತು.

ನನ್ನ ಪಾಳಿ ಬಂತು. ನನ್ನ ಹಳೆಯ ಕತೆ ತೆಗೆದೆ. ನಮ್ಮದು ಖಾರಾ ಶೇಂಗಾ ವ್ಯಾಪಾರ. ಉಸುಕಿನಲ್ಲಿ ಹುರಿದ ಶೇಂಗಾಕ್ಕೆ ಬಳ್ಳೊಳ್ಳಿ, ಕೆಂಪು ಖಾರದ ಪುಡಿ ಹಚ್ಚಿದ್ದು. ಚಿಕ್ಕೋಡಿಯಲ್ಲಿ ಚೆನ್ನಾಗಿ ಓಡುತ್ತಿತ್ತು, ಮಿರಜಿಗೂ ಕಳಿಸೋಣ ಎಂದು ಪಾಕೀಟಿನ ಮೇಲೆ ಮರಾಠಿಯಲ್ಲಿ "ಖಾರೆ ಶೇಂಗದಾಣೆ" ಎಂದು ಅಚ್ಚು ಹಾಕಿಸಿದೆ. ಅಲ್ಲೇ ಇತ್ತು ಮಜಾ. ನಮ್ಮ ಖಾರ ಮೆಣಸಿನಕಾಯಿಯದು. ಮರಾಠಿಯ ಖಾರೆ ಉಪ್ಪಿನದು!

ಮಿರಜಿನ ಬಸ್‌ಸ್ಟ್ಯಾಂಡಿನಲ್ಲಿ ಒಬ್ಬ ಯಜಮಾನರು ಉಪ್ಪಿನ ಶೇಂಗಾ ಅಂದುಕೊಂಡು ಇಡೀ ಮುಷ್ಟಿ ಬಾಯಿಗೆ ಸುರುವಿಕೊಂಡರಂತೆ. ಆಮೇಲೆ ನೀರಿನ ನಲ್ಲಿಯವರೆಗೆ ಅವರು ಓಡಿದ್ದನ್ನು ಅಲ್ಲಿನವರು ಇನ್ನೂ ಅಭಿನಯಿಸಿ ತೋರಿಸುತ್ತಾರೆ. ಅಂಗಡಿಯವನು ಚೀಲಗಳನ್ನು ಹಾಗೇ ವಾಪಸ್ ಕಳಿಸಿದ. ಆದರೆ ಕೆಲವೇ ದಿನಗಳಲ್ಲಿ ಅವನದೇ ಫೋನು. ಕಾಲೇಜು ಹುಡುಗರು ಒಬ್ಬರಿಗೊಬ್ಬರು ಮೋಸ ಮಾಡಿ ತಿನ್ನಿಸುವ ಆಟ ಶುರುವಾಗಿತ್ತು. ಅವರಿಗೆ ಆ ಸುಡುವ ಶೇಂಗಾನೇ ಬೇಕು, ಆ ತಪ್ಪು ಹೆಸರಿನದೇ ಬೇಕು! ಅಲ್ಲಿಂದ ಸಾಂಗಲಿ, ಕೊಲ್ಹಾಪುರ... ಹಿಂತಿರುಗಿ ನೋಡಿದ್ದಿಲ್ಲ.

"ಗಿರಾಕಿಗೆ ಶಾಕ್ ಕೊಡ್ರಿ. ನಾ ಬೇಕಂತನ ಆ ಹೆಸರ ಇಟ್ಟೆ" ಎಂದೆ. ಸಭೆ ಬಿದ್ದು ಬಿದ್ದು ನಕ್ಕಿತು.

ಆಗ ಬೇಡಕಿಹಾಳದ ಒಬ್ಬ ಹುಡುಗಿ ಎದ್ದಳು. ಬೆಲ್ಲದ ಪುಡಿ ಮಾರಲು ಹೊರಟವಳು. ನನ್ನ ಶಾಕು ಅವಳಿಗೇನೂ ತಾಗಿದಂತಿರಲಿಲ್ಲ.

"ಅಜ್ಜಾರ, ಖರೇ ಹೇಳ್ರಿ. ನಿಮ್ಮ ಮನ್ಯಾಗ ಮರಾಠಿ ಬಲ್ಲವರು ಯಾರೂ ಇದ್ದಿಲ್ಲೇನ್ರಿ, ಹಿಂಗಲ್ಲ ಅಂತ ಹೇಳಾಕ?"

ನನ್ನ ಕಣ್ಣು ಮುಂದಿನ ಸಾಲಿಗೆ ಹೋಯಿತು. ವೈನಿಯ ತವರು ಮಿರಜು.

"ಯಾರೂ ಇದ್ದಿಲ್ಲವ್ವಾ" ಎಂದೆ.

ವೈನಿ ಚಪ್ಪಾಳೆ ತಟ್ಟಿದರು. ಮೊದಲ ಚಪ್ಪಾಳೆ.

ಈಗ ನಡೆದದ್ದು ಕೇಳಿ. ಅಚ್ಚಿಗೆ ಕೊಡುವ ಮೊದಲೇ ಆ ಹೆಸರನ್ನು ವೈನಿಗೆ ತೋರಿಸಿದ್ದೆ. ಮಸಾಲೆ ಅವರ ಕೈಯದು, ಹುರಿಯುವುದೂ ಅವರೇ. ನೋಡಿದ ಕೂಡಲೇ ಹೇಳಿದ್ದರು, "ಭಾವೋಜಿ, ನಮ್ಮ ಕಡೆ ಖಾರೆ ಅಂದ್ರ ಉಪ್ಪಿಂದು. ಮೆಣಸಿನ ಖಾರಕ್ಕ ತಿಖಟ ಅಂತಾರ, ಹಂಗ ಹಾಕ್ರಿ." ಗಡಿಯಲ್ಲಿ ಹುಟ್ಟಿ ಬೆಳೆದ ನನಗೆ ಮರಾಠಿ ಕಲಿಸುವುದೇ? "ಒಲಿ ಕೆಲಸ ನಿಮ್ದು, ಬಜಾರದ ಕೆಲಸ ನಂದು" ಎಂದು ಬಾಯಿ ಮುಚ್ಚಿಸಿದೆ.

ಚೀಲಗಳು ವಾಪಸ್ ಬಂದ ದಿನ ಹುರಿಯುವ ಹೆಣ್ಣುಮಕ್ಕಳೆಲ್ಲರ ಎದುರು ಅದೇ ವೈನಿಯ ಮೇಲೆ ಹರಿಹಾಯ್ದೆ. ತವರಿನ ಭಾಷೆ, ಒಂದು ಮಾತು ಹೇಳಬಾರದಿತ್ತೇ ಎಂದು! ಅವರು "ಹೇಳಿದ್ದೆ" ಅನ್ನಲಿಲ್ಲ. ಉಸುಕಿನಲ್ಲಿ ಸೌಟು ತಿರುವುತ್ತಲೇ ಇದ್ದರು. ಹೆಸರು ಸೋತಾಗ ತಪ್ಪು ಅವರದಾಯಿತು. ಗೆದ್ದಾಗ ಬುದ್ಧಿ ನನ್ನದಾಯಿತು. ಎಂಬಿಎಯಲ್ಲಿ ಇದಕ್ಕೇನೆನ್ನುತ್ತಾರೋ ಗೊತ್ತಿಲ್ಲ. ನಮ್ಮಲ್ಲಿ ಹಲ್ಕಟ್‌ತನ ಎನ್ನುತ್ತಾರೆ.

ಭಾನುವಾರ ಕಾರಿನಲ್ಲಿ ವಾಪಸ್ ಬರುವಾಗ ವೈನಿ ಒಂದು ಪಾಕೀಟು ಹರಿದು ನನ್ನ ಮುಂದೆ ಹಿಡಿದರು.

"ತಿನ್ರಿ ಭಾವೋಜಿ. ಇಷ್ಟ ದಿನಾ ಮೂಕಿ ಆಗಿದ್ದೆ, ಇವತ್ತ ಇಲ್ಲದಾಕಿನೂ ಆದೆ. ಬಿಸಿನೆಸ್ ಬೆಳಿಯಾಕತ್ತೈತಿ!"

ಹೇಳಿ ಅವರೇ ನಕ್ಕರು, ಕೆಮ್ಮು ಬರುವಷ್ಟು. ನಾನೂ ನಕ್ಕೆ. ಕಣ್ಣಲ್ಲಿ ನೀರು. (ಖಾರಕ್ಕೆ ಎಂದು ಹೇಳಿಕೊಂಡೆ. ಮತ್ತೊಂದು ಸುಳ್ಳು.)

ಮನೆಯಲ್ಲಿ ಅವರು ವೈನಿ. ಕೆಲಸದವರಿಗೆ ವೈನಿ, ಓಣಿಗೆಲ್ಲ ವೈನಿ. ಹೆಸರೇನು ಎಂದು ಕೇಳಿದರೆ ಅರ್ಧ ಓಣಿ ತಲೆ ಕೆರೆದುಕೊಂಡೀತು. ಪಾಕೀಟಿನ ಮೇಲಿರುವುದು ನನ್ನ ಫೋಟೊ, ತಲೆಗೆ ಪಟಗಾ ಸುತ್ತಿದ್ದು.

ಪಾಕೀಟು ಬದಲಿಸುವುದು ಸುಲಭ, ಪ್ರೆಸ್ಸಿಗೆ ಒಂದು ಫೋನು ಸಾಕು. ಒಲೆಯ ತನಕ ನಡೆದು ಹೋಗಿ "ತಪ್ಪಾತು ವೈನಿ" ಎನ್ನುವುದೇ ಆಗುತ್ತಿಲ್ಲ. ಅವರಿಗೆ ಕನ್ನಡ ಮಾತು ಬರುತ್ತದೆ, ಅಕ್ಷರ ಬರುವುದಿಲ್ಲ. (ಅದಕ್ಕೇ ಇಷ್ಟು ಧೈರ್ಯವಾಗಿ ಬರೆಯುತ್ತಿದ್ದೀಯಾ ಅಂದಿರಾ? ಹೌದು.)

ಬೇಡಕಿಹಾಳದ ಹುಡುಗಿ, ಬೆಲ್ಲದ ಪುಡಿ ಕಟ್ಟುತ್ತ ಇದನ್ನು ಓದುತ್ತಿದ್ದರೆ ನನ್ನ ಉತ್ತರ ತಿದ್ದಿಕೋ. ಇದ್ದರವ್ವಾ, ಒಬ್ಬರು ಇದ್ದರು, ಮೊದಲೇ ಹೇಳಿಯೂ ಇದ್ದರು. ಅವರ ಹೆಸರು ವತ್ಸಲಾ.